ಮಹಾದೇವ ಎಂಬ ಮಾಡ್ಯೂಲ್ ಸಿಗಲಿಲ್ಲ

ನನ್ನ ಹೆಸರು ಅಪ್ಪು. ಮನೆ ಸಂಗೊಳ್ಳಿಯಲ್ಲಿ, ಕೆಲಸ ಬೈಲಹೊಂಗಲದಲ್ಲಿ. ಬೀಜ-ಗೊಬ್ಬರದ ಅಂಗಡಿಯ ಮೇಲೆ ಒಂದೂವರೆ ಕೋಣೆ, ಅದೇ ನಮ್ಮ ಸಾಫ್ಟ್‌ವೇರ್ ಆಫೀಸು. ದಿನಾ ಬೆಳಿಗ್ಗೆ ಬಾಗಿಲು ದೂಡುವಾಗ ಒಂದು ಡೈಲಾಗ್ ಹೊಡೆಯದಿದ್ದರೆ ನನಗೆ ಚಹಾ ಇಳಿಯುವುದಿಲ್ಲ. ಆ ಬುಧವಾರದ್ದನ್ನು ದಾರಿಯಲ್ಲೇ ಕಟ್ಟಿಕೊಂಡು ಬಂದಿದ್ದೆ.

"ಬಾಗಿಲು ತಟ್ಟಿ ಬರೋನು ನೆಂಟ ಕಣೋ! ಬಾಗಿಲೇ ಎದ್ದು ನಿಂತು ದಾರಿ ಬಿಟ್ರೆ ಅವನು..."

"ಚಪ್ಪಲ್ ಹೊರಗ ಬಿಡು," ಎಂದರು ರಾಜೇಶ್ವರಿ ಮ್ಯಾಡಮ್. "ಬಿಟ್ಟು ಬಂದು ಇದನ್ನ ನೋಡು."

ಆಫೀಸು ಅವರದು. ಅವರು ಸಿಟ್ಟಾದಾಗ ದನಿ ಏರಿಸುವುದಿಲ್ಲ, ಇಳಿಸುತ್ತಾರೆ. ಆಗ ದನಿ ತೀರಾ ಕೆಳಗಿತ್ತು.

ಪರದೆ ತುಂಬಾ ಕೆಂಪು. ನಲವತ್ತೊಂದು ಸಾಲು ಕೆಂಪು, ಎಲ್ಲ ಸಾಲಿನಲ್ಲೂ ಒಂದೇ ಮಾತು: ಮಹಾದೇವ ಎಂಬ ಮಾಡ್ಯೂಲ್ ಸಿಗಲಿಲ್ಲ. ಕೆಂಪಿನ ಕೆಳಗೆ ಹಳದಿ. ಅದು ಇನ್ನೂರ ಹನ್ನೆರಡು.

ಕಂಪ್ಯೂಟರ್ ಗೊತ್ತಿಲ್ಲದವರಿಗೆ ಎರಡೇ ಮಾತಲ್ಲಿ ಹೇಳಿಬಿಡುತ್ತೇನೆ. ಪೈಥಾನ್‌ನಲ್ಲಿ ಬರೆದ ಸೈಟ್ ಎಂದರೆ ಹತ್ತಾರು ಫೈಲುಗಳ ಒಂದು ಮನೆ. ಒಂದು ಫೈಲಿಗೆ ಇನ್ನೊಂದರ ಕೆಲಸ ಬಿದ್ದರೆ ಅದರ ಹೆಸರು ಹಿಡಿದು ಕರೆಯುತ್ತದೆ. ಅದೇ ಇಂಪೋರ್ಟ್. ಕರೆದ ಹೆಸರಿನವನು ಮನೆಯಲ್ಲಿ ಇಲ್ಲದಿದ್ದರೆ ಇಡೀ ಸೈಟ್ ಹೊಸ್ತಿಲಲ್ಲೇ ಕುಸಿದು ಕೂರುತ್ತದೆ. ಇದು ಕೆಂಪು. ಇನ್ನು ಹಳದಿ, ಲಿಂಟರ್‌ನದು. ಲಿಂಟರ್ ಎಂದರೆ ಶಾಲೆಯ ಪಿ.ಟಿ. ಮಾಸ್ತರು ಇದ್ದ ಹಾಗೆ. ನೀನು ಓಡುತ್ತೀಯೋ ಇಲ್ಲವೋ ಆಮೇಲೆ, ಮೊದಲು ಉಗುರು ತೋರಿಸು, ಗುಂಡಿ ಹಾಕು, ಸಾಲಿನಲ್ಲಿ ನಿಲ್ಲು ಅನ್ನುತ್ತದೆ.

ನಮ್ಮ ಸೈಟಿನ ಹೆಸರು 'ಬಸ್ ಎಲ್ಲೈತಿ'. ಅದರ ಐಡಿಯಾ ನನ್ನದಲ್ಲ, ಇದೇ ಆಫೀಸಿನ ಶೈಲಜಾದು. ಅವಳ ತವರು ಕಿತ್ತೂರು. ಎರಡು ವರ್ಷ ಅಲ್ಲಿಂದ ಬೈಲಹೊಂಗಲಕ್ಕೆ ದಿನಾ ಓಡಾಡಿದವಳು. ಕಿತ್ತೂರು ಸ್ಟ್ಯಾಂಡಿನಲ್ಲಿ ದುಂಡಪ್ಪನ ಚಹಾ ಅಂಗಡಿ ಇದೆ. ಬಸ್ ಬಿಟ್ಟಿತೇ, ಬಂದಿತೇ, ದುಂಡಪ್ಪನಿಗೆ ಗೊತ್ತಿಲ್ಲದ್ದಿಲ್ಲ. ಹಾಗಾದರೆ ನಾಲ್ಕು ಊರಿನ ನಾಲ್ಕು ಚಹಾ ಅಂಗಡಿಯವರು ಬಸ್ ಹೊರಟ ಕೂಡಲೇ ಫೋನಿನಲ್ಲಿ ಒಂದು ಗುಂಡಿ ಒತ್ತಿದರೆ, ಕಿತ್ತೂರ ಪಕ್ಕದ ದೇಗಾಂವದ ಹುಡುಗಿ ಮನೆಯಲ್ಲೇ ಕೂತು ನೋಡಿ, ಸರಿಯಾದ ಹೊತ್ತಿಗೆ ಹೊರಡಬಹುದಲ್ಲ? ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ನಾಲ್ಕು ಕಡೆ ನಾಲ್ಕು ಚಹಾ ಕಿಟ್ಲಿ, ಒಂದು ಸೈಟು. ರಾಮದುರ್ಗದ ಒಂದು ವಿದ್ಯಾರ್ಥಿನಿಯರ ಟ್ರಸ್ಟಿನವರು ಇದಕ್ಕೆ ಹಣ ಕೊಡಲು ಒಪ್ಪಿದ್ದರು. ಹೊರಟ ಬಸ್ಸು ಮುಂದಿನ ಊರಿಗೆ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಲೆಕ್ಕ ಹಾಕುವ ಫೈಲೇ ಸೈಟಿನ ಜೀವ. ಬರೆದವಳು ಶೈಲಜಾ. ಅದಕ್ಕೆ ಅವಳು ಇಟ್ಟ ಹೆಸರು 'ಸಮಯ'.

ಮಹಾದೇವ ಎಂದು ಹೆಸರು ಬದಲಿಸಿದವನು ನಾನು.

ಯಾಕೆಂದು ಹೇಳಬೇಕಾದರೆ ಐದು ತಿಂಗಳು ಹಿಂದಕ್ಕೆ, ರಾಮದುರ್ಗಕ್ಕೆ, ಅವಳ ಮದುವೆಗೆ ಹೋಗಬೇಕು. ಗಂಡ ಮಹಾದೇವ, ಪಂಪಿನ ಮೋಟರು ರಿಪೇರಿಯ ಅಂಗಡಿ. ಮದುಮಗಳು ಗಂಡನ ಮನೆ ಹೊಗುವಾಗ ನಮ್ಮ ಕಡೆ ಹೆಂಗಸರು ಹೊಸ್ತಿಲು ಕಟ್ಟುತ್ತಾರೆ. ಗಂಡನ ಹೆಸರು ಹೇಳಿದರೆ ದಾರಿ. ಅದೂ ಬರೀ ಹೆಸರಲ್ಲ, ಒಡಪಿನಲ್ಲಿ ಹೇಳಬೇಕು. ಪ್ರಾಸ ಕೂಡಿದ ನಾಲ್ಕು ಸಾಲು, ಕೊನೆಯ ಸಾಲಿನಲ್ಲಿ ಹೆಸರು. ಹೊಸ್ತಿಲು ಕಟ್ಟಿದ್ದವರ ಮುಂದೆ ನಿಂತಿದ್ದು ಮಹಾದೇವನ ಅಜ್ಜಿ ಕಾಡವ್ವ. ಎಂಬತ್ತರ ಮೇಲೆ ವಯಸ್ಸು. ಆ ಓಣಿಯಲ್ಲಿ ಯಾರ ಮದುವೆಯಾದರೂ ಒಡಪು ಕಟ್ಟಿಸಿಕೊಳ್ಳಲು ಜನ ಹುಡುಕಿ ಬರುವುದು ಈ ಮುದುಕಿಯ ಹತ್ತಿರವೇ.

"ಹೆಸರ ಹೇಳು, ಒಳಗ ಬಾ," ಎಂದಳು ಕಾಡವ್ವ.

ಪಕ್ಕದಲ್ಲಿದ್ದ ಗೆಳತಿ ಶೈಲಜಾಳ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. ಶೈಲಜಾ ತಲೆ ಅಲ್ಲಾಡಿಸಿದಳು.

"ಇದು ಯಾರೋ ಕಟ್ಟಿದ್ದರೀ ಆಯಿ. ನಾ ಹೇಳಿದರ ಕಾಪಿ ಹೊಡದಂಗ ಆಕೈತಿ. ನಂದ ನಾ ಕಟ್ಟಿ ಹೇಳತೇನಿ."

"ಕಟ್ಟು ಮತ್ತ."

"ಈಗ ಬರವಲ್ದು."

ಹೆಂಗಸರೆಲ್ಲ ಗೊಳ್ಳೆಂದರು. ಕಾಡವ್ವ ಮಾತ್ರ ನಗಲಿಲ್ಲ. ಸೊಸೆಯನ್ನು ಕಾಲಿಂದ ತಲೆಯವರೆಗೆ ನೋಡಿ, "ಅಡ್ಡಿಯಿಲ್ಲ. ಆದರ ನಿಂದ ನೀ ಕಟ್ಟೂ ತನಕಾ ಆ ಹೆಸರ ನಿನ್ನ ಬಾಯಾಗೂ ಬರಬಾರದು, ಕೈಯಾಗೂ ಬರಬಾರದು. ಮಾತ ಕೊಡತೀ?" ಎಂದಳು.

"ಕೊಟ್ಟೆ," ಎಂದು ಶೈಲಜಾ ಹೊಸ್ತಿಲು ದಾಟಿದಳು.

ನಾನು ಚಪ್ಪರದ ಕೆಳಗೆ ಹುಗ್ಗಿ ಹೊಡೆಯುತ್ತ ಇದನ್ನೆಲ್ಲ ನೋಡುತ್ತಿದ್ದೆ. ತಲೆಯಲ್ಲಿ ಖಳನಾಯಕನ ಹಿನ್ನೆಲೆ ಸಂಗೀತ ಶುರುವಾಯಿತು. ಮದುವೆ ಮುಗಿಸಿ ಸೋಮವಾರ ಆಫೀಸಿಗೆ ಬಂದವನೇ 'ಸಮಯ' ಫೈಲನ್ನು 'ಮಹಾದೇವ' ಮಾಡಿದೆ. ಅದನ್ನು ಕರೆಯುವ ನಲವತ್ತೊಂದು ಕಡೆಯಲ್ಲೂ ಹೆಸರು ತಿದ್ದಿದೆ. ಕೆಳಗೆ ಒಂದು ಚೀಟಿ: 'ಅಕ್ಕಾ, ಮದುವೆ ಕಾಣಿಕೆ. ಈಗ ದಿನಕ್ಕ ನೂರು ಸಲ ಹೆಸರ ಹೇಳು!'

ಶೈಲಜಾ ಬೈಯಲಿಲ್ಲ, ನಗಲೂ ಇಲ್ಲ. ರಾಮದುರ್ಗದ ಮನೆಯಲ್ಲಿ ಕೂತು ತನ್ನ ಪ್ರತಿಯ ಮೇಲೆ ಕೆಲಸ ಮಾಡುತ್ತಾ ಹೋದಳು. ಪ್ರೇಕ್ಷಕರೇ ಇಲ್ಲದ ಸಿನಿಮಾ ಯಾರು ನೆನಪಿಡುತ್ತಾರೆ? ನಾನು ಮರೆತೆ.

ಮಂಗಳವಾರ ಸಂಜೆ ಅವಳು ತನ್ನ ಕೆಲಸವನ್ನು ನಮ್ಮದರ ಜೊತೆ ಕೂಡಿಸಿದಳು. ಬುಧವಾರ ಬೆಳಿಗ್ಗೆ ಈ ಕೆಂಪು.

"ಫೋನ್ ಹಚ್ಚು," ಎಂದರು ಮ್ಯಾಡಮ್. ಸ್ಪೀಕರ್ ಹಾಕಿದೆ.

"ಶೈಲಕ್ಕಾ, ಮಹಾದೇವ ಎಲ್ಲಿ?"

"ಅಂಗಡಿಗೆ ಹೋಗ್ಯಾರ."

"ಮಾವನ್ನ ಕೇಳಲಿಲ್ಲವಾ, ಫೈಲ್ ಕೇಳಿದೆ."

ಆ ಕಡೆಯಿಂದ ಮುದಿ ದನಿಯೊಂದು, "ಯಾರವಾ ಅಂವಾ, ಮುಂಜಮುಂಜಾನೆ ನಮ್ಮ ಹುಡುಗನ ಹೆಸರ ಒದರಾಕತ್ತಾನ?" ಎಂದು ಕೇಳಿತು.

"ಆಫೀಸಿನಾಂವರೀ ಆಯಿ." ಶೈಲಜಾ ದನಿ ತಗ್ಗಿಸಿದಳು. "ಅದು ಅಲ್ಲೇ ಐತಿ ನೋಡು ಅಪ್ಪು. ಬ್ಯಾರೆ ಹೆಸರಿಲೆ."

"ಯಾವ ಹೆಸರಿಲೆ?"

"ಹುಡುಕು, ಸಿಗತೈತಿ."

ಹುಡುಕಿದೆ. ಸಿಕ್ಕಿತು. ಫೈಲಿನ ಹೆಸರು: 'ಇವರು'.

ಮಾತು ಕೊಟ್ಟಿದ್ದಳಲ್ಲ, ಕೈಯಲ್ಲೂ ಬರಬಾರದು ಎಂದು. ಬರೆದಿಲ್ಲ. ತನ್ನ ಪ್ರತಿಯಲ್ಲಿ ಎಲ್ಲ ಕಡೆಯೂ 'ಇವರು' ಮಾಡಿದ್ದಳು. ಅವಳ ಫೈಲುಗಳು 'ಇವರು' ಎಂದು ಕರೆಯುತ್ತಿದ್ದವು, ನಮ್ಮವು 'ಮಹಾದೇವ' ಎಂದು. ಎರಡೂ ಕೂಡಿದಾಗ ನಮ್ಮ ಕಡೆಯವು ಕರೆದದ್ದಕ್ಕೆ ಯಾರೂ ಓಗೊಡಲಿಲ್ಲ. ಕಂಪ್ಯೂಟರಿನಲ್ಲಿ ಕನ್ನಡ ಓದಲು ಬಾರದ, ಇಂಗ್ಲಿಷ್ ಮೊದಲೇ ಬಾರದ ಮುದುಕಿಗೆ ಇದು ಎಂದೂ ತಿಳಿಯುತ್ತಿರಲಿಲ್ಲ. ಆದರೂ ಐದು ತಿಂಗಳು ಒಮ್ಮೆಯೂ ಬರೆದಿಲ್ಲ.

ನಾನು ನಕ್ಕೆ. ಮ್ಯಾಡಮ್ ನಗಲಿಲ್ಲ.

"ನಗಬ್ಯಾಡ. ಟ್ರಸ್ಟಿಗೆ ಸೋಮವಾರ ನಾ ಫೈಲಿನ ಪಟ್ಟಿ ಕಳಿಸೇನಿ. ಅದರಾಗ ಮಹಾದೇವ ಅಂತ ಐತಿ. ಶುಕ್ರವಾರ ಮೂರಕ್ಕ ತಪಾಸಣಿ. ಪಟ್ಟಿಯಾಗಿದ್ದ ಹೆಸರ ಇರಬೇಕು, ಒಂದೂ ಕೆಂಪು, ಒಂದೂ ಹಳದಿ ಇರಬಾರದು. ಆಮ್ಯಾಲ ಒಂದೊಂದು ಫೈಲಿನ ಮೇಲ್ಬರಹ ಬರದವರ ಎದ್ದು ನಿಂತು ಓದಬೇಕು."

ಮೇಲ್ಬರಹ ಎಂದರೆ ಫೈಲಿನ ನೆತ್ತಿಯ ಮೇಲೆ, ಇದು ಯಾರು ಎಂದು ಹೆಸರು ಹೇಳಿ, ಏನು ಕೆಲಸ ಎಂದು ಬರೆಯುವ ಎರಡು-ನಾಲ್ಕು ಸಾಲು. ಅದಿಲ್ಲದಿದ್ದರೆ ಲಿಂಟರ್ ಹಳದಿ ತೋರಿಸುತ್ತದೆ. ಫೈಲ್ ಬರೆದವರೇ ಅದನ್ನು ಬರೆಯಬೇಕು ಎಂಬುದು ನಮ್ಮ ಆಫೀಸಿನ ಕಾನೂನು. ಕಾನೂನು ಬಂದದ್ದೂ ನನ್ನಿಂದಲೇ. ಹಿಂದೊಮ್ಮೆ ಎಲ್ಲರ ಫೈಲಿನ ಮೇಲೂ 'ಈ ಫೈಲ್ ಮುಟ್ಟಿದವನು ಮುಂದಿನ ಸೀನಿನಲ್ಲಿ ಇರುವುದಿಲ್ಲ' ಎಂದು ಬರೆದು ಇಟ್ಟಿದ್ದೆ.

ಈಗ ನನ್ನ ನಗು ನಿಂತಿತು. ಮಹಾದೇವ ಎಂಬ ಫೈಲಿನ ಮೇಲ್ಬರಹವನ್ನು ಶೈಲಜಾ ಬರೆಯಬೇಕು, ಎದ್ದು ನಿಂತು ಓದಬೇಕು. ಕೈಯಲ್ಲೂ, ಬಾಯಲ್ಲೂ.

"ಅಕಿ ಆ ಒಡಪ ಇನ್ನೂ ಕಟ್ಟಿಲ್ಲೇನ್ರಿ?"

"ದಿನಾ ಕಟ್ಟತಾಳಂತ, ದಿನಾ ಅಳಸತಾಳಂತ. ಅಕೀದು ಗೊತ್ತಲ್ಲ." ಮ್ಯಾಡಮ್ ಕಿಟಕಿಯ ಕಡೆ ತಿರುಗಿದರು. "ಪಾಸಾತು ಅಂದರ ಈ ಸೈಟ್ ನೋಡಿಕೊಳ್ಳೂ ಕೆಲಸ ಅಕೀದು, ರಾಮದುರ್ಗದಾಗಿಂದ. ಇಲ್ಲಂದರ ಟ್ರಸ್ಟಿನವರು ಅವತ್ತ ಸಂಜೀಕ ಮೀಟಿಂಗ್‌ನ್ಯಾಗ ಬ್ಯಾರೆಯವರಿಗೆ ಕೊಡತಾರ. ಮನ್ಯಾಗ ಕುಂತ ಮಾಡೂ ಕೆಲಸ ನನ್ನ ಹತ್ರ ಬ್ಯಾರೆ ಇಲ್ಲ. ರಾಮದುರ್ಗದಿಂದ ದಿನಾ ಇಲ್ಲಿಗೆ ಬಂದು ಹೋಗೂದು ಅಕಿ ಕೈಲೆ ಆಗಂಗಿಲ್ಲ. ಆಗ ನಾ ಅಕೀಗೆ ಏನ್ ಹೇಳ್ಲಿ?"

ನಾನು ಒಂದು ಡೈಲಾಗ್ ಹುಡುಕಿದೆ. ಮಾಡ್ಯೂಲ್ ಸಿಗಲಿಲ್ಲ.

*

ಟ್ರಸ್ಟಿನ ಪರವಾಗಿ ತಪಾಸಣೆ ಮಾಡುವವರು ಸವದತ್ತಿಯ ಶ್ರೀಶೈಲ ಸರ್. ಕಂಪ್ಯೂಟರ್ ಪಾಠ ಹೇಳಿ ನಿವೃತ್ತರಾದವರು. ಗುರುವಾರ ಬೆಳಿಗ್ಗೆ ಬೈಕ್ ತೆಗೆದುಕೊಂಡು ಅವರ ಮನೆಗೇ ಹೋದೆ. ದಾರಿಯುದ್ದಕ್ಕೂ ಒಂದು ಸೀನ್ ಕಟ್ಟಿಕೊಂಡಿದ್ದೆ. ಬಾಗಿಲಲ್ಲಿ ಮಳೆ ಬರುತ್ತಿರುತ್ತದೆ, ನಾನು ತಲೆ ತಗ್ಗಿಸಿ ನಿಂತಿರುತ್ತೇನೆ, 'ತಪ್ಪು ಮಾಡೋನು ಮನುಷ್ಯ ಸರ್, ಒಪ್ಕೊಳ್ಳೋನು ಹೀರೋ' ಅನ್ನುತ್ತೇನೆ, ಅವರ ಕಣ್ಣು ತುಂಬುತ್ತದೆ.

ಬಿಸಿಲು ಚೆನ್ನಾಗಿ ಬಿದ್ದಿತ್ತು. ಸರ್ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು.

"ಬಾ ತಮ್ಮಾ, ಕುಂದ್ರು. ಒಂದಿಷ್ಟು ಸುಲಿ."

ಸುಲಿದೆ. ಸುಲಿಯುತ್ತ ಎಲ್ಲ ಹೇಳಿದೆ. ಕಟ್ಟಿಕೊಂಡು ಬಂದದ್ದು ಒಂದೂ ಬರಲಿಲ್ಲ. ಮದುವೆ, ಹುಗ್ಗಿ, ಹೊಸ್ತಿಲು, ಚೀಟಿ ಎಲ್ಲವೂ ನಮ್ಮೂರ ಮಾತಿನಲ್ಲೇ ಬಂತು.

"ಹಳೇ ಹೆಸರ ವಾಪಸ್ ಇಡತೇವ್ರಿ ಸರ್. ಸಮಯ ಅಂತ. ನೀವು ಪಟ್ಟಿಯಾಗ ಒಂದ ಹೆಸರ ತಿದ್ದಿದರ ಮುಗೀತು."

"ತಿದ್ದಾಕ ಬರತೈತಿ," ಎಂದರು. "ಆದರ ತಿದ್ದಿದ ಪಟ್ಟಿ ಬಂತಂದರ ತಪಾಸಣಿ ಮುಂದಿನ ತಿಂಗಳಿಗೆ ಹೊಕ್ಕೈತಿ. ಎಲ್ಲಾರಿಗೂ ಅದ ನೇಮ. ನಿನಗ ಒಬ್ಬಾವಗ ಹೆಂಗ ಬಿಡ್ಲಿ?"

"ಮುಂದಿನ ತಿಂಗಳ ಅಂದರ ಅಕಿ ಕೆಲಸ ಹೋಗತೈತ್ರಿ."

"ಗೊತ್ತೈತಿ."

"ಹಂಗಾರ ಮೇಲ್ಬರಹ ನಾ ಬರದು ನಾನ ಓದತೇನ್ರಿ."

ಸರ್ ಒಂದು ಕಾಯಿ ಒಡೆದರು. ಒಳಗೆ ಮೂರು ಕಾಳು. ಒಂದು ನನಗೆ ಕೊಟ್ಟರು.

"ಫೈಲ್ ಬರದಾಕಿ ಅಕಿ. ನೀ ಎದ್ದು ನಿಂತಿ ಅಂದರ ಸುಳ್ಳ ಆಕೈತಿ. ಅಂಗಳಾ ಕಸ ಹೊಡೀಲಾರದ ಮನಿಯೊಳಗ ನಾ ಕಾಲ ಇಡಾಂವಲ್ಲ. ಅದಕ್ಕ ಮೊದಲ ಲಿಂಟರ್ ಓಡಸತೇನಿ. ಇದು ಅದಕ್ಕಿಂತ ದೊಡ್ಡ ಕಸ." ನನ್ನ ಮುಖ ನೋಡಿ ದನಿ ಮೆತ್ತಗೆ ಮಾಡಿದರು. "ಬ್ಯಾರೆಯವರ ಮನ್ಯಾಗಿನ ಹೆಸರಿನ ಮ್ಯಾಲ ಚ್ಯಾಷ್ಟಿ ಮಾಡಬಾರದೋ ತಮ್ಮಾ. ಹೋಗು, ನಿನ್ನ ಕೈಲೆ ಆಗೂದು ಎಷ್ಟೈತಿ ಅಷ್ಟು ಮಾಡು."

ಹೊರಡುವಾಗ ಒಂದು ಚೀಲ ಶೇಂಗಾ ಕೊಟ್ಟು ಕಳಿಸಿದರು. ಬೈದು ಕಳಿಸಿದ್ದರೆ ಚೆನ್ನಾಗಿತ್ತು.

ಊರ ಹೊರಗೆ ಬೈಕ್ ನಿಲ್ಲಿಸಿ ಶೈಲಜಾಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡಳು.

"ಅಕ್ಕಾ, ತಪ್ಪಾತು."

"ಐದು ತಿಂಗಳಿಗೆ ಗೊತ್ತಾತಾ?"

"ಬೈಯವಾ ಒಮ್ಮಿ."

"ಬೈಯಾಕ ಹೊತ್ತಿಲ್ಲ." ಅವಳ ಹಿಂದೆ ಎಲ್ಲೋ ಮೋಟರು ತಿರುಗುವ ಸದ್ದು. "ಪಟ್ಟಿಯಾಗ ಹೆಂಗೈತಿ ಹಂಗ ಇರಲಿ. ಎಲ್ಲಾ ಇಂಪೋರ್ಟ್ ಆ ಹೆಸರಿಗೆ ನೀ ತಿದ್ದು. ನನ್ನ ಕೈಲೆ ತಿದ್ದಾಕ ಬರಂಗಿಲ್ಲ. ಹಳದಿ ಎಲ್ಲಾ ನೀನ ತಗಿ. ಆದರ ಆ ಫೈಲಿನ ಮೇಲ್ಬರಹಕ್ಕ ಕೈ ಹಚ್ಚಬ್ಯಾಡ."

"ಏನ್ ಮಾಡತಿ?"

"ನಾಳೆ ಮೂರಕ್ಕ ಇನ್ನೂ ಭಾಳ ಹೊತ್ತೈತಿ."

"ನಾ ಒಂದು ಒಡಪ ಹೇಳ್ಲೇನು? ಗುಡುಗೋ ಮೋಡಕ್ಕೆ ಗುಂಡಿಗೆ ಬೇಕು, ನನ್ನ ಗಂಡನ ಎದುರು..."

ಫೋನ್ ಕಟ್ಟಾಯಿತು.

*

ಮಧ್ಯಾಹ್ನ ಹನ್ನೆರಡಕ್ಕೆ ಆಫೀಸಿನಲ್ಲಿ ಕೂತೆ. ಮೊದಲು ಕೆಂಪು. 'ಇವರು' ಫೈಲನ್ನು ಮತ್ತೆ 'ಮಹಾದೇವ' ಮಾಡಿ, ಅವಳ ಕಡೆಯ ಫೈಲುಗಳಲ್ಲೆಲ್ಲ ಹೆಸರು ಬದಲಿಸಿದೆ. ಒಂದೇ ಏಟಿಗೆ ಎಲ್ಲವನ್ನೂ ಬದಲಿಸುವ ಗುಂಡಿ ಇದೆ. ಹಿಂದಿನ ಸಲ ಅದನ್ನೇ ಒತ್ತಿದ್ದೆ, ಮಜಾ ಅನ್ನಿಸಿತ್ತು. ಈ ಸಲ ಒಂದೊಂದನ್ನೂ ತೆರೆದು, ಓದಿ, ತಿದ್ದಿದೆ. ಓದುವಾಗ ಗೊತ್ತಾಯಿತು, ಶೈಲಜಾ ಎಷ್ಟು ಚೊಕ್ಕ ಬರೆಯುತ್ತಾಳೆ ಎಂದು. ಎಲ್ಲಿಂದಲೂ ಎತ್ತಿ ತಂದ ಒಂದು ಸಾಲಿಲ್ಲ. ಮುನವಳ್ಳಿ ದಾಟಿದ ಮೇಲೆ ರಸ್ತೆ ಕೆಟ್ಟಿದ್ದರೆ ಎಷ್ಟು ನಿಮಿಷ ಹೆಚ್ಚು, ಸಂತೆಯ ದಿನ ಎಷ್ಟು ಹೆಚ್ಚು, ಎಲ್ಲವನ್ನೂ ಬಸ್ ಹತ್ತಿ ಕೂತು ತಾನೇ ಅಳೆದು ಬರೆದಿದ್ದಳು.

ಎರಡು ಗಂಟೆಗೆ ಕೆಂಪು ಹೋಯಿತು. ಸೈಟ್ ಎದ್ದು ನಿಂತಿತು. ಪರದೆಯ ಮೇಲೆ 'ಕಿತ್ತೂರು ಬಿಟ್ಟಿತು, 1.52' ಎಂದು ಬಂತು. ದುಂಡಪ್ಪ ಅಲ್ಲಿ ಗುಂಡಿ ಒತ್ತಿದ್ದ.

ಆಮೇಲೆ ಹಳದಿ. ಯಾರ ಸಾಲು ಯಾರು ಬರೆದದ್ದು ಎಂದು ಕಂಪ್ಯೂಟರ್ ಹೇಳುತ್ತದೆ. ಇನ್ನೂರ ಹನ್ನೆರಡರಲ್ಲಿ ನನ್ನವು ನೂರ ಎಪ್ಪತ್ತೊಂದು.

"ಕರೆದು ಕೂರಿಸಿದ್ದೀರಿ, ಕೆಲಸ ಕೊಟ್ಟಿಲ್ಲ" ಎಂದಿತು ಲಿಂಟರ್ ತನ್ನ ಭಾಷೆಯಲ್ಲಿ. ಇಂಪೋರ್ಟ್ ಮಾಡಿ ಉಪಯೋಗಿಸದ ಮಾಡ್ಯೂಲುಗಳು. ಸೈಟ್ ತೆರೆದವರಿಗೆ ದಿನಕ್ಕೊಂದು ಡೈಲಾಗ್ ತೋರಿಸಬೇಕು ಎಂದು ಒಮ್ಮೆ ತಂದಿಟ್ಟವು. ಅಳಿಸಿದೆ. ಸಾಲು ಉದ್ದವಾಯಿತು ಎಂದಿತು. ಅವು ಡೈಲಾಗುಗಳೇ. ಅಳಿಸಿದೆ. 'ಹೀರೋ', 'ಖಳನಾಯಕ', 'ಇಂಟರ್ವಲ್' ಎಂಬ ಹೆಸರುಗಳು ಸುಮ್ಮನೆ ನಿಂತಿವೆ ಎಂದಿತು. ಅವುಗಳಿಗೂ ಬೀಳ್ಕೊಡುಗೆ.

ಒಂದು ಕಡೆ ಮಾತ್ರ ಕೈ ತಡೆಯಿತು. ಅಲ್ಲಿ ನಾನು ಬರೆದಿದ್ದ ಅರ್ಥ ಇಷ್ಟು: ಏನು ತಪ್ಪಾದರೂ ಸುಮ್ಮನಿರು, ಮುಂದೆ ಹೋಗು. ಲಿಂಟರ್ ಅದಕ್ಕೆ ಹಳದಿ ಹಚ್ಚಿತ್ತು. ಯಾವ ತಪ್ಪು ಎಂದು ಹೆಸರು ಹೇಳಿ ಹಿಡಿಯಬೇಕಂತೆ, ಎಲ್ಲವನ್ನೂ ಕಣ್ಣು ಮುಚ್ಚಿ ನುಂಗಬಾರದಂತೆ. ಪಿ.ಟಿ. ಮಾಸ್ತರು ಕಿವಿ ಹಿಂಡಿದಂತಾಯಿತು. ತಿದ್ದಿದೆ.

ಐದು ಗಂಟೆಗೆ ಮ್ಯಾಡಮ್ ಬಂದು ಹಿಂದೆ ನಿಂತರು. ಶೇಂಗಾ ಚೀಲಕ್ಕೆ ಕೈ ಹಾಕಿ, ಪರದೆ ನೋಡಿದರು.

"ಎಷ್ಟು ಉಳದಾವು?"

"ಒಂದರೀ."

ಮಹಾದೇವ: ಮೇಲ್ಬರಹ ಇಲ್ಲ.

*

ಶುಕ್ರವಾರ. ರಾಮದುರ್ಗದಲ್ಲಿ ಟ್ರಸ್ಟಿನ ಕೋಣೆಯಲ್ಲಿ ಒಂದು ಉದ್ದ ಮೇಜು, ಗೋಡೆಗೆ ದೊಡ್ಡ ಪರದೆ. ಕಿಟಕಿಯಿಂದ ನೋಡಿದರೆ ಬಸ್ಸಿನ ರಸ್ತೆ. ಮೂರಕ್ಕೆ ಹತ್ತು ನಿಮಿಷ ಇರುವಾಗ ಮಹಾದೇವ ಸ್ಕೂಟರಿನಲ್ಲಿ ಹೆಂಡತಿಯನ್ನು ತಂದು ಬಿಟ್ಟ. ಮತ್ತೆ ಹೋಗಿ ಅಜ್ಜಿಯನ್ನೂ ತಂದ.

"ಆಯೀನ್ನ ಯಾಕ ಕರಕೊಂಡ ಬಂದಿರಿ ಮಾವಾ?" ಎಂದೆ.

"ಕರಕೊಂಡ ಬರಾಕ ನಾ ಯಾರು? ತಾನ ಹತ್ತಿ ಕುಂತ್ಲು." ಅಷ್ಟರಲ್ಲಿ ಅವನ ಫೋನ್ ರಿಂಗಾಯಿತು. ಯಾವುದೋ ತೋಟದಲ್ಲಿ ಮೋಟರು ಸುಟ್ಟಿತ್ತು. ಮಾತಾಡುತ್ತ ಮೆಟ್ಟಿಲಿಳಿದು ಹೋದ.

ಕಾಡವ್ವ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕಾಲು ಮೇಲಿಟ್ಟು ಕೂತಳು. ನನ್ನ ಕಡೆ ಬೆರಳು ಮಾಡಿ ಶೈಲಜಾಳನ್ನು ಕೇಳಿದಳು, "ಅಂವಾ ಇವನ ಏನು, ಫೋನ್‌ನ್ಯಾಗ ಒದರಿದಾಂವ?"

"ಇವನರೀ."

"ಬಡಕ ಅದಾನ. ದನಿ ದೊಡ್ಡದೈತಿ."

ಶ್ರೀಶೈಲ ಸರ್ ಚಾಳೀಸಿನ ಕನ್ನಡಕ ಏರಿಸಿ ಲಿಂಟರ್ ಓಡಿಸಿದರು. ಇಡೀ ಪರದೆ ಬಿಳಿ. ಕೊನೆಯಲ್ಲಿ ಒಂದು ಹಳದಿ ಗೆರೆ.

"ಅಂಗಳಾ ಸ್ವಚ್ಛ ಐತಿ," ಎಂದರು. "ಒಂದ ಕಡ್ಡಿ ಬಿದ್ದೈತಿ. ಇದರ ಮೇಲ್ಬರಹ ಯಾರದು?"

"ನಂದ್ರಿ ಸರ್," ಎಂದು ಶೈಲಜಾ ಎದ್ದಳು.

"ಹತ್ತು ನಿಮಿಷ ಐತವಾ."

ಅವಳು ಕಂಪ್ಯೂಟರಿನ ಮುಂದೆ ಕೂತಳು. ಅವಳು ಏನು ಬರೆದರೂ ದೊಡ್ಡ ಪರದೆಯ ಮೇಲೆ ಕಾಣುವಂತಿತ್ತು. ಏನೂ ಬರೆಯಲಿಲ್ಲ. ಬರೆಯುವ ಜಾಗದ ಸಣ್ಣ ಗೆರೆ ಮಿಣಮಿಣ ಅನ್ನುತ್ತಲೇ ಇತ್ತು. ರಾಜೇಶ್ವರಿ ಮ್ಯಾಡಮ್ ತಮ್ಮ ಬಳೆ ತಿರುಗಿಸುತ್ತ ಕೂತರು. ನಾನು ಒಂದು ಚೀಟಿಯಲ್ಲಿ ನಾಲ್ಕು ಸಾಲು ಗೀಚಿ, ಅವಳ ಕಡೆ ಸರಿಸಲು ಹೋದೆ. ಕಾಡವ್ವನ ಕೋಲು ಮಧ್ಯದಲ್ಲಿ ಬಂತು.

"ಏ ಬಡಕಾ. ಕಾಪಿ ಕೊಡತಿ?"

ಚೀಟಿ ಜೇಬಿಗೆ ಹೋಯಿತು.

ಹೊರಗೆ ಸವದತ್ತಿಯಿಂದ ಬಂದ ಬಸ್ಸು ಹಾರ್ನ್ ಹಾಕಿತು. ಸೈಟು ಪರದೆಯ ಮೂಲೆಯಲ್ಲಿ ತೆರೆದೇ ಇತ್ತು. ಅದರ ಮೇಲೆ 'ರಾಮದುರ್ಗ ಮುಟ್ಟುವ ಹೊತ್ತು: 3.14' ಎಂದಿತ್ತು. ಗೋಡೆಯ ಗಡಿಯಾರದಲ್ಲಿ ಮೂರು ಹದಿನಾಲ್ಕು. ಶೈಲಜಾ ಗಡಿಯಾರ ನೋಡಿದಳು, ಬಸ್ ನೋಡಿದಳು. ಬಸ್ಸಿನಿಂದ ಶಾಲೆ ಬ್ಯಾಗಿನ ಹುಡುಗಿಯರು ಇಳಿಯುತ್ತಿದ್ದರು. ಒಬ್ಬಳ ಅಪ್ಪ ಸರಿಯಾಗಿ ಅದೇ ಹೊತ್ತಿಗೆ ಸೈಕಲ್ ತಂದು ನಿಲ್ಲಿಸಿದ.

ಅವಳ ತುಟಿ ಅಲುಗಿತು. ಬೆರಳುಗಳು ಕೀಲಿಗಳ ಮೇಲೆ ಬಂದವು. ಒಂದು ಸಾಲು. ನಿಂತಳು. ಒಂದು ಪದ ಅಳಿಸಿ ಇನ್ನೊಂದು ಹಾಕಿದಳು. ಎರಡನೆಯದು, ಮೂರನೆಯದು. ನಾಲ್ಕನೆಯದರ ಮೊದಲ ಅಕ್ಷರಕ್ಕೆ ಬಂದಾಗ ತಿರುಗಿ ಅಜ್ಜಿಯ ಕಡೆ ನೋಡಿದಳು. ಅಜ್ಜಿಗೆ ಪರದೆ ಓದಲು ಬಾರದು. ಆದರೂ ಏನು ನಡೆಯುತ್ತಿದೆ ಎಂದು ಗೊತ್ತಾಗಿತ್ತು. ಗದ್ದ ಮೇಲೆತ್ತಿ, ಬರಿ, ಎನ್ನುವಂತೆ ಸನ್ನೆ ಮಾಡಿದಳು.

ಶೈಲಜಾ ಬರೆದಳು. ಐದು ತಿಂಗಳಲ್ಲಿ ಮೊದಲ ಸಲ.

ಸರ್ ಮತ್ತೆ ಲಿಂಟರ್ ಓಡಿಸಿದರು. ಪರದೆ ಪೂರ್ತಿ ಬಿಳಿ. ನಾಲ್ಕು ಗಿಡ್ಡ ಸಾಲು, ಉದ್ದವಾಯಿತು ಎಂಬ ತಕರಾರೂ ಇಲ್ಲ.

"ಬರದವರು ಓದಬೇಕು," ಎಂದರು ಸರ್. ಅವರು ಆಗಲೇ ಓದಿಕೊಂಡಿದ್ದರು. ಮೀಸೆಯ ಕೆಳಗೆ ಏನೋ ಅಡಗಿಸಿಕೊಂಡಿದ್ದರು.

ಶೈಲಜಾ ಎದ್ದು, ಪರದೆಗೆ ಬೆನ್ನು ಮಾಡಿ, ಬಾಗಿಲ ಕಡೆಗೆ ತಿರುಗಿ ನಿಂತಳು. ಹೊಸ್ತಿಲ ಪಕ್ಕ ಕಾಡವ್ವ.

"ಸವದತ್ತಿ ಬಿಟ್ಟ ಬಸ್ಸು ಹೊಳಿ ದಾಟಿ ಬಂತ,
ಮನ್ಯಾಗ ಕುಂತ ನೋಡ್ರಿ ಎಲ್ಲಿ ಐತಿ ಅಂತ.
ತಡಾ ಆದರೂ ಬರತೈತಿ, ಸುಳ್ಳ ಹೇಳಂಗಿಲ್ಲ ಒಂದ,
ಮಹಾದೇವರ ಹೆಸರ ಹೇಳತೇನಿ ನಿಮ್ಮೆಲ್ಲರ ಮುಂದ."

ಸರ್ ಅವಸರ ಮಾಡಲಿಲ್ಲ. ಅವರೂ ಬಾಗಿಲ ಕಡೆಗೇ ನೋಡುತ್ತಿದ್ದರು.

ಕಾಡವ್ವ ಕಣ್ಣು ಮುಚ್ಚಿ, ಸಾಲುಗಳನ್ನು ಬಾಯೊಳಗೇ ಒಮ್ಮೆ ತಿರುಗಿಸಿದಳು. ಕೋಲಿನಿಂದ ನೆಲಕ್ಕೆ ತಾಳ ಹಾಕಿದಳು.

"ಮೂರನೇ ಸಾಲ ಒಂದೀಟ ಉದ್ದಾತು," ಎಂದಳು. "ನಡೀವಾಗ ಕುಂಟತೈತಿ."

"ತಿದ್ದತೇನ್ರಿ ಆಯಿ."

"ತಿದ್ದಬ್ಯಾಡ. ಕುಂಟಿದರೂ ನಿಂದ ಐತಿ." ಕೋಲು ಪಕ್ಕಕ್ಕಿಟ್ಟು ಎರಡೂ ಕೈಯಿಂದ ಸೊಸೆಯ ಮುಖ ಹಿಡಿದು ನೆಟಿಕೆ ಮುರಿದಳು. "ಈಗ ಬಂದಿ ನೋಡವಾ ಮನಿಗೆ."

ರಾಜೇಶ್ವರಿ ಮ್ಯಾಡಮ್ ಸೆರಗಿನಿಂದ ಮೂಗು ಒರೆಸಿಕೊಂಡರು. ಆಮೇಲೆ ಅದನ್ನು ನೆಗಡಿ ಎಂದರು. ಸರ್ ಪಟ್ಟಿಯಲ್ಲಿ ಮಹಾದೇವ ಎಂಬ ಹೆಸರಿನ ಮುಂದೆ ಸಹಿ ಹಾಕಿದರು. ಉಳಿದ ಫೈಲುಗಳಿಗೆ ಅರ್ಧ ಗಂಟೆ ಹಿಡಿಯಿತು. ನನ್ನ ಸರದಿ ಬಂದಾಗ ನಾನೂ ಎದ್ದು ನಿಂತು ಓದಿದೆ: 'ಸ್ಟ್ಯಾಂಡು: ಈ ಫೈಲ್ ಸ್ಟ್ಯಾಂಡುಗಳ ಪಟ್ಟಿ ಇಟ್ಟುಕೊಳ್ಳುತ್ತದೆ.' ಅಷ್ಟೇ. ಮ್ಯಾಡಮ್ ನನ್ನನ್ನು ಎರಡು ಸಲ ನೋಡಿದರು, ಜ್ವರ ಬಂದಿದೆಯೇ ಎಂಬಂತೆ.

"ಸಂಜೀ ಮೀಟಿಂಗಿಗೆ ನಾನ ಹೇಳತೇನಿ," ಎಂದು ಸರ್ ಎದ್ದರು. "ಸೋಮವಾರದಿಂದ ಸೈಟ್ ನಿಂದವಾ ಶೈಲಜಾ. ದುಂಡಪ್ಪ ಗುಂಡಿ ಒತ್ತೂದು ಮರತರ ನಿನಗ ಫೋನ್ ಬರತೈತಿ, ನೆನಪಿರಲಿ."

ಶೈಲಜಾ ಕುರ್ಚಿಯಲ್ಲಿ ಕೂತಳು. ನೀರಿನ ಬಾಟಲಿ ಕೊಟ್ಟೆ.

"ಅಕ್ಕಾ, ಈಗರ ಬೈಯಿ."

ಅವಳು ನೀರು ಕುಡಿದು, ಮುಚ್ಚಳ ತಿರುಗಿಸಿದಳು. "ನಿನ್ನ ಮದವಿ ಆಗ್ಲಿ. ನಿನ್ನ ಹೇಂತಿ ಹೆಸರಿಲೆ ಇನ್ನೂರ ಹನ್ನೆರಡು ಫೈಲ್ ಮಾಡತೇನಿ. ಒಂದೊಂದಕ್ಕ ಒಂದೊಂದು ಒಡಪ ನೀ ಕಟ್ಟಬೇಕು. ಆಯೀ ಮುಂದ."

"ಬಡಕಗ ಯಾರ ಹೆಣ್ಣ ಕೊಡತಾರ?" ಎಂದಳು ಕಾಡವ್ವ.

ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ಮಹಾದೇವ ಒಂದು ಕೈಯಲ್ಲಿ ಚಹಾ ತುಂಬಿದ ಕಿಟ್ಲಿ, ಇನ್ನೊಂದರಲ್ಲಿ ಲೋಟಗಳ ಗೊಂಚಲು ಹಿಡಿದು ಬಂದ. ಎಲ್ಲರೂ ಅವನನ್ನೇ ನೋಡಿದರು. ಅವನು ಮೊದಲು ತನ್ನ ಅಂಗಿ ನೋಡಿಕೊಂಡ, ಗ್ರೀಸ್ ಹತ್ತಿದೆಯೋ ಎಂದು.

"ಏನಾತು? ಪಾಸಾತಿಲ್ಲೋ?"

"ಪಾಸಾತು," ಎಂದರು ಮ್ಯಾಡಮ್.

"ನಿನ್ನ ಹೆಸರ ಹೇಳಿದಳೋ ತಮ್ಮಾ," ಎಂದಳು ಕಾಡವ್ವ. "ಒಡಪ ಕಟ್ಟಿ. ಇಷ್ಟ ಮಂದಿ ಮುಂದ."

ಮಹಾದೇವ ಕಿಟ್ಲಿ ಹಿಡಿದೇ ನಿಂತ. "ಯಾವಾಗ?"

"ಈಗ. ನೀ ಮೋಟರದ ಹಿಂದ ಹೋಗಿದ್ದಿ."

"ಅಯ್ಯ!" ಅವನ ಮುಖ ಸಣ್ಣ ಹುಡುಗನದಂತಾಯಿತು. ಹೆಂಡತಿಯ ಕಡೆ ತಿರುಗಿದ. "ಇನ್ನೊಮ್ಮಿ ಹೇಳ."

"ಒಮ್ಮಿ ಹೇಳಿದ್ದು ಆತು," ಎಂದು ಶೈಲಜಾ ಕಂಪ್ಯೂಟರಿನ ಪರದೆಯನ್ನು ಅವನ ಕಡೆ ತಿರುಗಿಸಿದಳು. "ಫೈಲಿನ್ಯಾಗ ಐತಿ. ಓದ್ಕೋರಿ."

ಅವನು ಕಿಟ್ಲಿ ನನ್ನ ಕೈಗೆ ಕೊಟ್ಟು, ಗ್ರೀಸಿನ ಬೆರಳನ್ನು ಪ್ಯಾಂಟಿಗೆ ಒರೆಸಿ, ಪರದೆಯ ಹತ್ತಿರ ಬಗ್ಗಿದ. ಒಂದೊಂದೇ ಪದ, ಬೆರಳಿಟ್ಟು, ತುಟಿ ಅಲುಗಿಸುತ್ತ ಓದತೊಡಗಿದ.

ನನಗೊಂದು ಡೈಲಾಗ್ ಬಂತು. ಬಹಳ ಒಳ್ಳೆಯದು, ಇಡೀ ಥಿಯೇಟರ್ ಸಿಳ್ಳೆ ಹೊಡೆಯುವಂಥದ್ದು. ಬಾಯಿ ತೆರೆದೆ. ಕಾಡವ್ವ ಕೋಲಿನ ಮೇಲೆ ಕೈ ಇಟ್ಟಳು.

ನಾನು ಲೋಟಗಳಿಗೆ ಚಹಾ ಹಾಕಲು ಶುರು ಮಾಡಿದೆ. ಅವನು ಇನ್ನೂ ಎರಡನೆಯ ಸಾಲಿನಲ್ಲಿದ್ದ.